ಏರುದಾರಿಯಲ್ಲಿ ಮಾತ್ರ ಬರುತ್ತಿದ್ದ ಶಬ್ದ

ಕಡ್ಡಿ ಮೇಸ್ತ್ರಿಯನ್ನು ನಾನು ಮೊದಲು ನೋಡಿದ್ದು ಒಂದು ಮಂಗಳವಾರ, ಬೆಳಿಗ್ಗೆ ಹತ್ತಕ್ಕೆ ಇನ್ನೂ ನಲವತ್ತು ನಿಮಿಷ ಇರುವಾಗ. ಸಮಯ ಇಷ್ಟು ಖಚಿತವಾಗಿ ನೆನಪಿರುವುದಕ್ಕೆ ಕಾರಣವಿದೆ. ಹತ್ತು ಗಂಟೆಗೆ ನಾನು ಲೈಬ್ರರಿಯ ಬಾಗಿಲು ತೆಗೆಯಬೇಕಿತ್ತು. ಬೀಗದ ಕೈ ನನ್ನ ಜೇಬಿನಲ್ಲಿತ್ತು. ಟೈರ್ ಅಂಗಡಿಗೂ ಕಬ್ಬಿಣದ ಗೇಟು ಮಾಡುವವರ ಶೆಡ್ಡಿಗೂ ನಡುವೆ ಅವರ ಗ್ಯಾರೇಜು. ತಗಡಿನ ಮಾಡು, ಎಣ್ಣೆ ಕುಡಿದು ಕಪ್ಪಾದ ಸಿಮೆಂಟು ನೆಲ. ಒಳಗೋಡೆಗೆ ದೊಡ್ಡದೊಂದು ಹಲಗೆ ಬಡಿದು, ಅದರ ಮೇಲೆ ಪ್ರತಿಯೊಂದು ಸ್ಪ್ಯಾನರಿನ ಆಕಾರವನ್ನೂ ಬಿಳಿ ಬಣ್ಣದಲ್ಲಿ ಬರೆದಿದ್ದರು. ಯಾವ ಸ್ಪ್ಯಾನರ್ ಕೆಲಸಕ್ಕೆ ಹೋಗಿದೆಯೋ ಅದರ ಜಾಗದಲ್ಲಿ ಬಿಳಿ ಗುರುತು ಮಾತ್ರ ಕಾಣುತ್ತಿತ್ತು. ಮೇಸ್ತ್ರಿ ಬಾಗಿಲಲ್ಲಿ ನಿಂತು ಮರದ ಹೊಟ್ಟಿನಿಂದ ಕೈ ಉಜ್ಜಿಕೊಳ್ಳುತ್ತಿದ್ದರು. ಅರವತ್ತರ ಹತ್ತಿರದ ವಯಸ್ಸು, ಗಿಡ್ಡ ಆಳು, ಕನ್ನಡಕ ಹಣೆಯ ಮೇಲೆ.

"ಏನ್ ಸಾರ್, ಗಾಡಿ ಏನನ್ನುತ್ತೆ?" ಎಂದರು.

ನಾನು ಜೇಬಿನಿಂದ ಒಂದು ಹಾಳೆ ತೆಗೆದೆ. ನಮ್ಮದು ಏಳು ಜನ ಕೂರುವ ಹಳೆಯ ವ್ಯಾನು. ಅಮ್ಮ, ಅಕ್ಕ, ಅಕ್ಕನ ಇಬ್ಬರು ಹೆಣ್ಣುಮಕ್ಕಳು, ನನ್ನ ಹೆಂಡತಿ, ಮಗ, ನಾನು ಎಲ್ಲರೂ ಅದರಲ್ಲೇ ಓಡಾಡುವುದು. ಮನೆ ಗುಡ್ಡದ ಮೇಲಿನ ಬಡಾವಣೆಯಲ್ಲಿ. ಎರಡು ವಾರದಿಂದ ಆ ಏರನ್ನು ಹತ್ತುವಾಗಲೆಲ್ಲ ಎಂಜಿನ್ನಿನಿಂದ ಒಂದು ಶಬ್ದ ಬರುತ್ತಿತ್ತು. ಯಾರೋ ತಗಡಿನ ಡಬ್ಬಿಯಲ್ಲಿ ಗೋಲಿ ಹಾಕಿ ಅಲ್ಲಾಡಿಸುತ್ತಿದ್ದಾರೆ ಎಂದು ಅಮ್ಮ ಹೇಳಿದರು. ಅಕ್ಕ ಅದನ್ನು ಅಕ್ಷರಶಃ ನಂಬಿ, ಮಕ್ಕಳ ಮೂವರ ಜೇಬನ್ನೂ ತಡಕಿದ್ದಳು. ಮನೆಯಲ್ಲಿ ಡಿಗ್ರಿ ಮುಗಿಸಿದವನು ನಾನೊಬ್ಬನೇ. ಆದ್ದರಿಂದ ಎಂಜಿನ್ನಿನ ಒಳಗೆ ಏನಾಗಿದೆಯೆಂದು ನನಗೆ ಗೊತ್ತಿರಲೇಬೇಕು ಎಂಬುದು ಅವರೆಲ್ಲರ ಎಣಿಕೆ. ಗೊತ್ತಿರಲಿಲ್ಲ. ಬರೆದಿಡುವುದೊಂದು ಗೊತ್ತಿತ್ತು. ಹಾಗಾಗಿ ಒಂದು ವಾರ ಬರೆದಿಟ್ಟಿದ್ದೆ. ಮಟ್ಟಸ ರಸ್ತೆ, ಒಬ್ಬನೇ: ಇಲ್ಲ. ಏರು, ಒಬ್ಬನೇ: ಸ್ವಲ್ಪ. ಏರು, ಏಳು ಜನ, ಮೂರನೇ ಗೇರು: ಜೋರು. ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ: ತಕ್ಷಣ ನಿಲ್ಲುತ್ತದೆ.

ಮೇಸ್ತ್ರಿ ಹಾಳೆಯನ್ನು ಮರ್ಯಾದೆಯಿಂದ ಎರಡೂ ಕೈಯಲ್ಲಿ ತೆಗೆದುಕೊಂಡರು. ಮಡಚಿ ಅಂಗಿಯ ಜೇಬಿಗೆ ಹಾಕಿದರು. ಓದಲಿಲ್ಲ.

"ಬರ್ದಿದ್ದು ಆಮೇಲೆ. ಮೊದ್ಲು ಅದರ ಬಾಯಿಂದ್ಲೇ ಕೇಳೋಣ."

ಮೂಲೆಯಿಂದ ಮೊಳದುದ್ದದ ಒಂದು ಮರದ ಕಡ್ಡಿ ತಂದರು. ಅದರ ಒಂದು ತುದಿ ಹಲ್ಲಿನ ಗುರುತುಗಳಿಂದ ನೆಗ್ಗಿತ್ತು. ಎಂಜಿನ್ ಚಾಲೂ ಮಾಡಿಸಿ, ಕಡ್ಡಿಯ ಇನ್ನೊಂದು ತುದಿಯನ್ನು ಎಂಜಿನ್ನಿಗೆ ಆನಿಸಿ, ನೆಗ್ಗಿದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಕಣ್ಣು ಮುಚ್ಚಿದರು. ಅವರಿಗೆ ಆ ಹೆಸರು ಬಂದದ್ದು ಇದರಿಂದಲೇ. ಟೈರ್ ಅಂಗಡಿಯವನು ಆ ಕಡೆಯಿಂದ ಕೂಗಿದ: "ಸಾರ್, ಮಾತಾಡಿಸ್ಬೇಡಿ, ತಿಂಡಿ ತಿಂತಾ ಇದ್ದಾರೆ!" ಮೇಸ್ತ್ರಿ ಕಣ್ಣು ತೆರೆಯದೆ ಅವನ ಕಡೆಗೆ ಕೈ ಬೀಸಿದರು.

ಬಳಿಕ ಗಾಡಿ ಓಡಿಸಿ ನೋಡಲು ಹೊರಟೆವು. ಅವರು ಸ್ಟೀರಿಂಗಿಗೆ, ನಾನು ಪಕ್ಕಕ್ಕೆ. ಸಂತೆಮಾಳದ ಹಿಂದಿನ ಸಣ್ಣ ದಿಬ್ಬ ಹತ್ತಿಸಿದರು. ನನಗೆ ಶಬ್ದ ಕೇಳಿಸಿತು. "ಇದೇ, ಇದೇ" ಎಂದೆ. ಅವರು ತಲೆಯಾಡಿಸಿದರು. ಆದರೆ ಹತ್ತುವಾಗ ಮತ್ತೆ ಮತ್ತೆ ಕನ್ನಡಿಯಲ್ಲಿ ಹಿಂದಿನ ಸೀಟನ್ನು ನೋಡುತ್ತಿದ್ದರು. ಹಿಂದೆ ಯಾರೂ ಇರಲಿಲ್ಲ. ವಿಚಿತ್ರ ಅನ್ನಿಸಿತು. ಹಿಂದಿನಿಂದ ಗಾಡಿ ಬರುತ್ತಿದೆಯೋ ಏನೋ ಎಂದುಕೊಂಡೆ.

ವಾಪಸು ಬಂದ ಮೇಲೆ ಹೇಳಿದರು: "ಕೆಳಗಿಂದ ಬಡಿತ ಇದೆ ಸಾರ್. ದಪ್ಪ ಬಡಿತ. ಬೇರಿಂಗ್ ಸವೆದಿದೆ. ಹೀಗೇ ಓಡಿಸಿದ್ರೆ ಒಂದು ದಿನ ಎಂಜಿನ್ ಹಿಡ್ಕೊಂಡ್ಬಿಡುತ್ತೆ. ಇಳಿಸಿ ಬಿಚ್ಚಬೇಕು."

"ದಪ್ಪ ಬಡಿತಾನಾ? ನಮಗೆ ಕೇಳೋದು ಸಣ್ಣ ಶಬ್ದ. ಗೋಲಿ ಥರ."

"ಹೊರಗಿಂದ ಹಾಗೆ ಕೇಳುತ್ತೆ," ಎಂದರು ಮೇಸ್ತ್ರಿ. ಮೂವತ್ತೈದು ವರ್ಷ ಎಂಜಿನ್ ಬಿಚ್ಚಿದವರು. ನಾನು ಗಾಡಿ ಅಲ್ಲೇ ಬಿಟ್ಟು ಲೈಬ್ರರಿಗೆ ಓಡಿದೆ.

ಶುಕ್ರವಾರ ಹೋದಾಗ ನಮ್ಮ ಎಂಜಿನ್ ಬೆಂಚಿನ ಮೇಲೆ ಮಲಗಿತ್ತು. ಮೇಸ್ತ್ರಿ ಅದರ ಎದುರು ಸ್ಟೂಲಿನ ಮೇಲೆ ಕೂತಿದ್ದರು, ಕೈಯಲ್ಲಿ ಅರ್ಧಚಂದ್ರದ ಆಕಾರದ ಒಂದು ಬೇರಿಂಗ್ ತುಂಡು. ನನ್ನ ಅಂಗೈಯಲ್ಲಿ ಅದನ್ನು ಇಟ್ಟರು.

"ನೋಡಿ. ಕನ್ನಡಿ ಇದ್ದ ಹಾಗಿದೆ. ಒಂದು ಗೀರಿಲ್ಲ."

"ಅಂದ್ರೆ?"

"ಅಂದ್ರೆ ಬೇರಿಂಗ್ ಸರಿಯಿದೆ. ಒಳ್ಳೆ ಎಂಜಿನ್ನನ್ನ ಸುಮ್ಮನೆ ಬಿಚ್ಚಿದೆ."

ಬೇರೆ ಯಾರಾದರೂ ಆಗಿದ್ದರೆ ಬೇರಿಂಗ್ ಹೋಗಿತ್ತು, ಹೊಸದು ಹಾಕಿದೆ ಎಂದು ಹೇಳಿ ಮುಗಿಸುತ್ತಿದ್ದರು. ನನಗೆ ತಿಳಿಯುವ ಬಗೆಯೇ ಇರಲಿಲ್ಲ. ಅವರು ಹಾಗೆ ಮಾಡಲಿಲ್ಲ. ಎಂಜಿನ್ ಕೂರುವ ಮೌಂಟಿಂಗಿನ ರಬ್ಬರ್ ಹರಿದಿದ್ದನ್ನು ತೋರಿಸಿದರು. ಎಂಜಿನ್ ಓಡುವಾಗಲೆಲ್ಲ ಅಲುಗಿ ಚಾಸಿಗೆ, ಅಂದರೆ ಗಾಡಿಯ ತಳದ ಚೌಕಟ್ಟಿಗೆ, ಬಡಿಯುತ್ತಿತ್ತು. ಕಡ್ಡಿಯಲ್ಲಿ ಅವರಿಗೆ ಸಿಕ್ಕಿದ ದಪ್ಪ ಬಡಿತ ಅದು. ಹೊಸ ರಬ್ಬರ್ ಹಾಕಿ, ಎಂಜಿನ್ ಕೂಡಿಸಿ, ಶನಿವಾರ ಸಂಜೆ ಗಾಡಿ ಕೊಟ್ಟರು. "ಈಗ ಶಬ್ದ ಇಲ್ಲ," ಎಂದರು.

ಭಾನುವಾರ ಏಳೂ ಜನ ಕೂತು ಮನೆಯ ಏರು ಹತ್ತಿದೆವು. ಅರ್ಧ ದಾರಿಗೆ ಗೋಲಿ ಅಲ್ಲಾಡಿತು. ಮೊದಲಿನ ಹಾಗೆಯೇ, ಒಂದು ಗುಲಗಂಜಿಯಷ್ಟೂ ಕಡಿಮೆಯಿಲ್ಲ. ಅಕ್ಕ, "ಐದು ದಿನ ಅಲ್ಲಿಟ್ಟುಕೊಂಡು ಅವನೇನು ಅದಕ್ಕೆ ಲಾಲಿ ಹಾಡಿದ್ನಾ?" ಎಂದಳು.

ಸೋಮವಾರ ಬೆಳಿಗ್ಗೆ ಸಿಟ್ಟಿನಲ್ಲೇ ಹೋದೆ. ಮೇಸ್ತ್ರಿ ಎದುರಾಡಲಿಲ್ಲ. "ನಿಮ್ಮ ಮನೆ ಏರಿಗೇ ಹೋಗೋಣ, ನಡೀರಿ," ಎಂದರು. ಅವರೇ ಓಡಿಸಿದರು. ಮೂರನೇ ಗೇರು. ಶಬ್ದ ಶುರುವಾಯಿತು, ಕಿವಿಯಲ್ಲಿ ಸೂಜಿ ಆಡಿಸಿದ ಹಾಗೆ.

"ಎಲ್ಲಿ?" ಎಂದರು ಮೇಸ್ತ್ರಿ.

"ಈಗ್ಲೇ ಬರ್ತಾ ಇದೆಯಲ್ಲ!"

"ಈಗಾ?"

"ಈಗ. ನೋಡಿ, ಟಿಣಿಟಿಣಿ ಅಂತ ಬಡ್ಕೊಳ್ತಾ ಇದೆ."

ಅವರು ಕಿವಿಯನ್ನು ಮುಂದಕ್ಕೆ ಚಾಚಿದರು. ಕಿಟಕಿಯ ಗಾಜು ಇಳಿಸಿದರು. ಮತ್ತೆ ಏರಿಸಿದರು. ಆಮೇಲೆ ಅವರ ಕಣ್ಣು ತಾನಾಗಿ ಕನ್ನಡಿಗೆ ಹೋಯಿತು, ಖಾಲಿ ಸೀಟಿನ ಕಡೆಗೆ. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಆ ಮುಖದಲ್ಲಿ ಇದ್ದದ್ದು ಅನುಮಾನವಲ್ಲ, ಹೆದರಿಕೆ. ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ತಿರುಗಿಸಿದಾಗ ಒಂದೂ ಗೊತ್ತಿಲ್ಲದ ಹುಡುಗರ ಮುಖದಲ್ಲಿ ಅದನ್ನು ಕಂಡಿದ್ದೇನೆ. ನನ್ನ ಸಿಟ್ಟು ಅಲ್ಲೇ ಇಳಿದುಹೋಯಿತು. ಇವರಿಗೆ ಕೇಳಿಸುತ್ತಿಲ್ಲ ಎಂದು ನನಗೆ ಅರ್ಥವಾಯಿತು. ನನಗೆ ಅರ್ಥವಾಯಿತೆಂದು ಅವರಿಗೂ ಗೊತ್ತಾಯಿತು.

ಗುಡ್ಡದ ತುದಿಯಲ್ಲಿ ಗಾಡಿ ನಿಲ್ಲಿಸಿ ಎಂಜಿನ್ ಆರಿಸಿದರು. "ಗುರುವಾರದವರೆಗೆ ಗಾಡಿ ಗ್ಯಾರೇಜಲ್ಲೇ ಬಿಡಿ ಸಾರ್," ಎಂದರು. "ಗುರುವಾರ ನಮ್ಮನೆಯವಳು ಬರ್ತಾಳೆ."

ಮನೆಯಲ್ಲಿ ಇದನ್ನು ಹೇಳಿದಾಗ ಅಕ್ಕ, "ಗಾಡಿ ರಿಪೇರಿಗೂ ಅವನ ಹೆಂಡತಿ ಬರೋದಕ್ಕೂ ಏನೋ ಸಂಬಂಧ?" ಎಂದು ಕೇಳಿದಳು. ಬೇರೆ ಗ್ಯಾರೇಜಿಗೆ ಹೋಗೋಣವೆಂದು ಹೆಂಡತಿ ಹೇಳಿದಳು. ಗುರುವಾರದವರೆಗೆ ನೋಡೋಣ ಎಂದೆ.

ಗುರುವಾರ ಮಧ್ಯಾಹ್ನ ಹೋದಾಗ ಗ್ಯಾರೇಜಿನ ಒಳಗಿನಿಂದ ಹೆಂಗಸಿನ ಧ್ವನಿ ಕೇಳಿಸಿತು. "ನಾನಿಲ್ದೇ ಇದ್ದಾಗ ಹಾಲು ಕಾಯಿಸೋಕೂ ಹೋಗ್ಬೇಡಿ ಅಂದಿದ್ದೆ. ನೀವು ಎಂಜಿನ್ನೇ ಇಳಿಸಿದ್ದೀರಲ್ರೀ!"

ಮೇಸ್ತ್ರಿಯ ಹೆಂಡತಿ ಎತ್ತರದ ಆಳು, ಗಂಡನಿಗಿಂತ ಅರ್ಧ ತಲೆ ಹೆಚ್ಚು. ಪ್ರಯಾಣದ ಚೀಲ ಇನ್ನೂ ಹೆಗಲಲ್ಲೇ ಇತ್ತು. ತಾಯಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದರಿಂದ ಮೂರು ವಾರ ಆಸ್ಪತ್ರೆಯಲ್ಲಿದ್ದು ಬಂದಿದ್ದರು. ಸುತ್ತಲಿನವರೆಲ್ಲ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದರು; ನಾನೂ ಹಾಗೆಯೇ ಕರೆದೆ. ಯಾವ ಗಾಡಿ ಓಡಿಸಿ ನೋಡಲು ಹೋದರೂ ಅಕ್ಕ ಹಿಂದಿನ ಸೀಟಿನಲ್ಲಿ ಹತ್ತಿ ಕೂರುತ್ತಾರೆ, ಮೇಸ್ತ್ರಿಗಿಂತ ಅಕ್ಕನಿಗೇ ತಿರುಗಾಟದ ಚಪಲ ಜಾಸ್ತಿ ಎಂಬ ತಮಾಷೆ ಆ ಬೀದಿಯಲ್ಲಿ ಹಳೆಯದು. ಅದನ್ನು ನನಗೆ ಹೇಳಿದವನು ಟೈರ್ ಅಂಗಡಿಯವನು.

ಮೂವರೂ ಹೊರಟೆವು. ಮೇಸ್ತ್ರಿ ಸ್ಟೀರಿಂಗಿಗೆ, ಅಕ್ಕ ಅವರ ಬೆನ್ನ ಹಿಂದೆ, ನಾನು ಪಕ್ಕದಲ್ಲಿ. ಏರು ಶುರುವಾದ ಕೂಡಲೇ ಅಕ್ಕನ ಬಲಗೈ ಸೀಟಿನ ಮೇಲಿನಿಂದ ಬಂದು ಗಂಡನ ಹೆಗಲ ಮೇಲೆ ಕೂತಿತು. ನೋಡಿದವರಿಗೆ ಆಸರೆಗೆ ಹಿಡಿದುಕೊಂಡಂತೆ ಕಾಣಬೇಕು. ಶಬ್ದ ಬಂತು. ಅಕ್ಕನ ತೋರುಬೆರಳು ಅವರ ಹೆಗಲನ್ನು ತಟ್ಟತೊಡಗಿತು. ಶಬ್ದದ ವೇಗವೇ ಬೆರಳಿನ ವೇಗ. ಜೋರಾದಾಗ ಒತ್ತಿ, ಸಣ್ಣದಾದಾಗ ಮೆಲ್ಲಗೆ.

ಮೇಸ್ತ್ರಿ ನನ್ನ ಕಡೆ ಒಮ್ಮೆ ನೋಡಿದರು. ಮುಚ್ಚಿಡುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. ಬಾಯಿಬಿಟ್ಟೇ ಕೇಳಿದರು.

"ಕಾಲು ತೆಗೀತೀನಿ."

"ನಿಂತ್ಹೋಯ್ತು," ಎಂದರು ಅಕ್ಕ.

"ಅರ್ಧ ಒತ್ತುತೀನಿ."

"ಇಲ್ಲ... ಇಲ್ಲ... ಹಾಂ, ಬಂತು. ಸಣ್ಣದು. ತಳದ್ದಲ್ಲ ಕಣ್ರೀ ಇದು, ಮೇಲಿಂದು. ತೆಳ್ಳಗಿನ ಟೀ ಕಪ್ಪು ತಟ್ಟಿದ ಹಾಗೆ."

"ಎರಡನೇ ಗೇರಿಗೆ ಹಾಕ್ತೀನಿ."

"ಕಮ್ಮಿ ಆಯ್ತು."

ಮೇಸ್ತ್ರಿಯ ಮುಖ ಬದಲಾಗಿತ್ತು. ಸೋಮವಾರದ ಹೆದರಿಕೆ ಎಲ್ಲೂ ಇರಲಿಲ್ಲ. ಸ್ಟೀರಿಂಗಿನ ಮೇಲೆ ಒಂದು ಕೈಯಿಟ್ಟು, ಇನ್ನೊಂದು ಕೈಯಿಂದ ಅಂಗಿಯ ಜೇಬಿನಲ್ಲಿದ್ದ ನನ್ನ ಹಾಳೆ ತೆಗೆದು ನನಗೇ ಕೊಟ್ಟು, "ಓದಿ ಸಾರ್," ಎಂದರು. ಓದಿದೆ. ಅಕ್ಕ ಹೇಳಿದ್ದೇ ಅದರಲ್ಲಿತ್ತು. "ಅವತ್ತೇ ಇದನ್ನ ಓದಿದ್ರೆ ಎಂಜಿನ್ ಇಳಿಸ್ತಾನೇ ಇರ್ಲಿಲ್ಲ," ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. "ಬರ್ದು ಕೊಟ್ಟಿದ್ದನ್ನ ಓದಿದ್ರೆ ನನಗೆ ಕೇಳ್ಸಲ್ಲ ಅಂತ ಒಪ್ಕೊಂಡ ಹಾಗಾಗುತ್ತೆ ಅನ್ನಿಸ್ತು."

ಗುಡ್ಡದ ಮೇಲೆ ಗಾಡಿ ತಣ್ಣಗಾಗಲಿ ಎಂದು ನಿಲ್ಲಿಸಿದಾಗ ಅಕ್ಕ ಎಲ್ಲ ಹೇಳಿದರು. ಮೇಸ್ತ್ರಿ ಮೊದಲು ಬಸ್ ಡಿಪೋದ ಎಂಜಿನ್ ವಿಭಾಗದಲ್ಲಿದ್ದರು. ಹದಿನೇಳು ವರ್ಷ. ಬಿಚ್ಚಿ ಕೂಡಿಸಿದ ಎಂಜಿನ್ನನ್ನು ಕಬ್ಬಿಣದ ಚೌಕಟ್ಟಿಗೆ ಕಟ್ಟಿ, ತಗಡಿನ ಕೋಣೆಯೊಳಗೆ ಪೂರ್ತಿ ವೇಗದಲ್ಲಿ ಓಡಿಸಿ ಪರೀಕ್ಷೆ ಮಾಡುವ ಕೆಲಸ. ಕಿವಿಗೆ ಏನೂ ಮುಚ್ಚಿಕೊಳ್ಳುತ್ತಿರಲಿಲ್ಲ. ಮುಚ್ಚಿಕೊಂಡರೆ ಎಂಜಿನ್ ಹೇಳುವುದು ತಪ್ಪಿಹೋಗುತ್ತದೆ ಎಂಬ ಹಠ. ಕಿವಿ ಒಮ್ಮೆಲೇ ಹೋಗಲಿಲ್ಲ. ಮೊದಲು ಹೋದದ್ದು ಸಣ್ಣ ಶಬ್ದಗಳು: ಗಡಿಯಾರದ ಟಿಕ್‌ಟಿಕ್, ಕುಕ್ಕರಿನ ಸೀಟಿ, ಮೊಮ್ಮಗಳ ಕಾಲಿನ ಗೆಜ್ಜೆ. ದಪ್ಪ ಶಬ್ದಗಳು ಉಳಿದವು. ಹಲ್ಲಿನ ಮೂಲಕ ಬರುವ ಬಡಿತ ಇನ್ನೂ ಚೆನ್ನಾಗಿ ಸಿಗುತ್ತಿತ್ತು. ಆದರೆ ಏರಿನಲ್ಲಿ ಬರುವ ಗೋಲಿಯ ಸದ್ದು ನಾಲ್ಕು ವರ್ಷದಿಂದ ಅವರ ಪಾಲಿಗೆ ಇಲ್ಲವೇ ಇಲ್ಲ.

"ನಿಮ್ಮ ಕಿವಿ ಹೇಗೆ ಇಷ್ಟು ಚುರುಕು?" ಎಂದು ಅಕ್ಕನನ್ನು ಕೇಳಿದೆ.

"ಮದುವೆಗೆ ಮುಂಚೆ ಪಿಂಗಾಣಿ ಕಾರ್ಖಾನೇಲಿದ್ದೆ. ಭಟ್ಟಿಯಿಂದ ಬಂದ ಕಪ್ಪು ಒಂದೊಂದನ್ನೂ ಬೆರಳಲ್ಲಿ ತಟ್ಟಿ ನೋಡೋದೇ ಕೆಲಸ. ಕಣ್ಣಿಗೆ ಕಾಣ್ದೇ ಇರೋ ಬಿರುಕು ಕಿವಿಗೆ ಸಿಗುತ್ತೆ. ದಿನಕ್ಕೆ ಎರಡು ಸಾವಿರ ಕಪ್ಪು ಸಾರ್. ಇವರನ್ನೂ ತಟ್ಟಿ ನೋಡಿಯೇ ಒಪ್ಪಿಕೊಂಡಿದ್ದು."

"ಏನು ಸದ್ದು ಬಂತು?" ಎಂದೆ.

"ಬಿರುಕಿರ್ಲಿಲ್ಲ ಆಗ," ಎಂದು ನಕ್ಕರು. ನಗು ಬೇಗ ನಿಂತಿತು. "ಯಾರಿಗೂ ಹೇಳ್ಬೇಡಿ ಸಾರ್. ನಿಮ್ಮ ಲೈಬ್ರರಿಗೆ ಊರೆಲ್ಲ ಬರುತ್ತೆ. ಎಂಜಿನ್ ಮೇಸ್ತ್ರಿಗೆ ಕಿವಿ ಕೇಳ್ಸಲ್ಲ ಅಂತ ಗೊತ್ತಾದ್ರೆ ಯಾರು ಗಾಡಿ ತರ್ತಾರೆ? ಈ ಕೆಲಸ ಬಿಟ್ರೆ ಇವರು ಬದುಕಲ್ಲ. ಊಟಕ್ಕಲ್ಲ ಹೇಳ್ತಿರೋದು, ಊಟಕ್ಕೆ ಹೇಗೋ ಆಗುತ್ತೆ. ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗ್ತಾರೆ?"

ಹೇಳುವುದಿಲ್ಲವೆಂದು ಮಾತು ಕೊಟ್ಟೆ. ಮೇಸ್ತ್ರಿ ಆ ಹೊತ್ತಿಗೆ ಬಾನೆಟ್ ತೆರೆದು ನೀರು ನೋಡುತ್ತಿದ್ದರು. ಕೇಳಿಸಿಕೊಂಡರೋ ಇಲ್ಲವೋ ತಿಳಿಯಲಿಲ್ಲ.

ಗ್ಯಾರೇಜಿಗೆ ಬಂದ ಮೇಲೆ ಅವರ ಕೆಲಸ ನೋಡುವ ಭಾಗ್ಯ ನನ್ನದಾಯಿತು. ಮೊದಲು ಪೆಟ್ರೋಲ್ ಎಲ್ಲಿ ಹಾಕಿಸುತ್ತೀರಿ ಎಂದು ಕೇಳಿದರು. ರೇಡಿಯೇಟರ್ ನೋಡಿದರು, ಸರಿಯಿತ್ತು. ಸ್ಪಾರ್ಕ್ ಪ್ಲಗ್ ನಾಲ್ಕನ್ನೂ ತೆಗೆದು ಬೆಳಕಿಗೆ ಹಿಡಿದರು, ಅವೂ ಸರಿಯಿದ್ದವು. ಪ್ಲಗ್ಗಿನಲ್ಲಿ ಕಿಡಿ ಹಾರುವ ಹೊತ್ತನ್ನು ಎಂಜಿನ್ನಿನ ಮುಂದಿನ ಪುಲ್ಲಿಯ ಮೇಲಿರುವ ಒಂದು ಗೀರು ನೋಡಿ ಹೊಂದಿಸುತ್ತಾರೆ. ಮಿಣುಕುವ ದೀಪ ಹಿಡಿದು ಅದನ್ನೂ ನೋಡಿದರು. ಗೀರು ಇರಬೇಕಾದ ಜಾಗದಲ್ಲೇ ಇತ್ತು.

"ಟೈಮಿಂಗ್ ಸರಿ ಇದೆ ಅಂತ ಗೀರು ಹೇಳುತ್ತೆ," ಎಂದರು. "ಕಿಡಿ ಬೇಗ ಹಾರ್ತಾ ಇದೆ ಅಂತ ಇವಳ ಬೆರಳು ಹೇಳುತ್ತೆ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳ್ತಿದ್ದಾರೆ."

"ನನ್ನ ಮೇಲೇ ಅನುಮಾನಾನಾ?" ಎಂದರು ಅಕ್ಕ.

"ಮೂವತ್ತು ವರ್ಷದಲ್ಲಿ ನೀನು ಹೇಳಿದ್ದು ಯಾವತ್ತು ತಪ್ಪಾಗಿದೆ ಹೇಳು. ಅದೇ ತಾನೇ ನನ್ನ ಕಷ್ಟ."

ಒಂದು ಪ್ಲಗ್ ಬಿಚ್ಚಿದ ತೂತಿನೊಳಗೆ ತಂಪು ಪಾನೀಯ ಕುಡಿಯುವ ಉದ್ದನೆಯ ಕೊಳವೆ ಇಳಿಸಿದರು. ಸ್ಪ್ಯಾನರ್ ಹಾಕಿ ಎಂಜಿನ್ನನ್ನು ಕೈಯಿಂದ ಕೂದಲೆಳೆಯಷ್ಟೇ ತಿರುಗಿಸುತ್ತಾ ಹೋದರು. ಪಿಸ್ಟನ್ ಮೇಲೇರಿದಂತೆ ಕೊಳವೆಯೂ ಏರಿತು. ಅದರ ತುದಿಯನ್ನು ಎಡಗೈಯ ಎರಡು ಬೆರಳಲ್ಲಿ ಮುಟ್ಟಿಯೂ ಮುಟ್ಟದ ಹಾಗೆ ಹಿಡಿದು, ಕಣ್ಣು ಮುಚ್ಚಿ ನಿಂತರು. ಏರುವುದು ನಿಂತು ಇಳಿಯುವುದು ಶುರುವಾಗುವ ಆ ಒಂದು ಕ್ಷಣ ಅವರ ಬೆರಳಿಗೆ ಸಿಕ್ಕಿತು. ಇನ್ನೂ ಎರಡು ಸಲ ಹಿಂದೆ ಮುಂದೆ ತಿರುಗಿಸಿ ಅದೇ ಜಾಗಕ್ಕೆ ಬಂದರು.

"ಈಗ ಗೀರು ನೋಡಿ ಸಾರ್."

ಬಗ್ಗಿ ನೋಡಿದೆ. ಪಿಸ್ಟನ್ ತುದಿ ಮುಟ್ಟಿದಾಗ ಗೀರು ಎಂಜಿನ್ನಿನ ಮೇಲೆ ಕೊರೆದಿರುವ ಸೊನ್ನೆಯ ಎದುರು ನಿಲ್ಲಬೇಕು. ಅದು ಸೊನ್ನೆ ದಾಟಿ ಅರ್ಧ ಬೆರಳಗಲ ಮುಂದೆ ಹೋಗಿತ್ತು. ಪುಲ್ಲಿಯ ಹೊರಗಿನ ಬಳೆಗೂ ಒಳಗಿನ ಗಟ್ಟಿ ನಡುಭಾಗಕ್ಕೂ ನಡುವೆ ಒಂದು ರಬ್ಬರ್ ಪಟ್ಟಿ ಇರುತ್ತದೆ. ಅದು ಹಳತಾಗಿ ಸಡಿಲಗೊಂಡು ಬಳೆ ಜಾರಿತ್ತು. ಬಳೆಯ ಜೊತೆ ಗೀರೂ ಜಾರಿತ್ತು. ಶಬ್ದ ಶುರುವಾಗುವ ಸ್ವಲ್ಪ ಮುಂಚೆ ಬೇರೊಂದು ಕಡೆ ಸರ್ವಿಸ್ ಮಾಡಿಸಿದಾಗ ಆ ಗೀರನ್ನು ನಂಬಿ ಟೈಮಿಂಗ್ ಇಟ್ಟಿದ್ದರು.

"ಉಯ್ಯಾಲೆ ನಮ್ಮ ಕಡೆಗೆ ಬರ್ತಾ ಇರುವಾಗ್ಲೇ ತಳ್ಳಿದ್ರೆ ಏನಾಗುತ್ತೆ? ಕೈಗೆ ಪೆಟ್ಟು, ಉಯ್ಯಾಲೆಗೂ ಪೆಟ್ಟು. ಪಿಸ್ಟನ್ ಮೇಲೆ ಬರ್ತಾ ಇರುವಾಗ್ಲೇ ಇಲ್ಲಿ ಬೆಂಕಿ ಹೊಡೀತಿದೆ. ಅದೇ ನಿಮ್ಮ ಗೋಲಿ," ಎಂದರು ಮೇಸ್ತ್ರಿ.

ಮರುದಿನ ಹೊಸ ಪುಲ್ಲಿ ಹಾಕಿ ಟೈಮಿಂಗ್ ಇಟ್ಟರು. ಅಮ್ಮ, ನನ್ನ ಅಕ್ಕ, ಮಕ್ಕಳನ್ನೂ ಕೂರಿಸಿಕೊಂಡು ಬರಲು ಅವರೇ ಹೇಳಿದರು, ಭಾರ ಬೇಕಿತ್ತು. ಮಕ್ಕಳು ತೊಡೆಯ ಮೇಲೆ ಕೂತರು. ಏರು ಪೂರ್ತಿ ಹತ್ತುವವರೆಗೆ ಮೇಸ್ತ್ರಿಯ ಹೆಂಡತಿಯ ಕೈ ಗಂಡನ ಹೆಗಲ ಮೇಲೆ ಸುಮ್ಮನೆ ಇತ್ತು. ಬೆರಳು ಅಲುಗಲಿಲ್ಲ. ನಮ್ಮ ಅಕ್ಕ ಮಾತ್ರ, "ಇದೇನು, ಗಾಡಿ ಓಡ್ತಾ ಇದೆಯಾ ನಿಂತಿದೆಯಾ?" ಎಂದಳು. ಅವಳ ಬಾಯಿಂದ ಇದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ.

ಗಾಡಿ ತೆಗೆದುಕೊಂಡು ನಾನು ಹೊರಡುವ ಹೊತ್ತಿಗೆ ಶಾಲಾ ವ್ಯಾನಿನ ಡ್ರೈವರ್ ಬಂದ. ಅವನ ವ್ಯಾನಿನಲ್ಲೂ ಏನೋ ಸದ್ದು. ಮೇಸ್ತ್ರಿ ಕೈ ಒರೆಸಿಕೊಂಡು ಎದ್ದರು, ಹೆಂಡತಿಯೂ ಎದ್ದರು. ಡ್ರೈವರ್ ಎಂದಿನಂತೆ ಶುರು ಮಾಡಿದ: "ಓಹೋ, ಅಕ್ಕ ವಾಪಸ್ ಬಂದ್ರಾ! ಹತ್ತಿ ಹತ್ತಿ, ಗಾಳಿ ತಿಂದು ಮೂರು ವಾರ ಆಗಿರ್ಬೇಕು."

ಅಕ್ಕ ಎಂದಿನಂತೆ ನಗಲು ಹೊರಟಿದ್ದರು. ಮೇಸ್ತ್ರಿ ಕೈ ಅಡ್ಡ ಹಿಡಿದರು.

"ಗಾಳಿ ತಿನ್ನೋಕಲ್ಲಪ್ಪಾ ಇವಳು ಬರೋದು. ನನಗೆ ಸಣ್ಣ ಶಬ್ದ ಕೇಳ್ಸಲ್ಲ. ನಾಲ್ಕು ವರ್ಷ ಆಯ್ತು. ನಿನ್ನ ವ್ಯಾನಿನ ಶಬ್ದ ಎಲ್ಲ ಕೇಳಿದ್ದು ಇವಳು. ಇವಳಿಲ್ದೇ ಇದ್ದಾಗ ಈ ಸಾರ್ ಗಾಡಿ ನೋಡಿ, ಸರಿಯಿದ್ದ ಎಂಜಿನ್ ಇಳಿಸಿ ಬಿಚ್ಚಿಬಿಟ್ಟೆ. ನಿನ್ನ ಗಾಡೀಲಿ ಮಕ್ಕಳು ಕೂರ್ತಾರೆ. ಗೊತ್ತಿರ್ಲಿ ನಿನಗೆ. ಬೇಡ ಅಂದ್ರೆ ಬೇರೆ ಕಡೆ ತೋರ್ಸು, ನನಗೆ ಬೇಜಾರಿಲ್ಲ."

ಟೈರ್ ಅಂಗಡಿಯವನ ಸುತ್ತಿಗೆ ನಿಂತಿತು. ಅಕ್ಕ ಗಂಡನನ್ನೇ ನೋಡುತ್ತಿದ್ದರು, ಕಣ್ಣು ತುಂಬಿತ್ತು; ಅದು ಸಿಟ್ಟೋ ಮತ್ತೇನೋ ನನಗೆ ಹೇಳಲಾಗದು. ಡ್ರೈವರ್ ತಲೆ ಕೆರೆದುಕೊಂಡ.

"ಅಂದ್ರೆ, ಇಷ್ಟು ವರ್ಷ ಕೆಲಸ ಮಾಡಿದ್ದು ಅಕ್ಕ," ಎಂದ. "ಮತ್ತೆ ಟೀ ಎಲ್ಲಾ ನಿಮಗೆ ಕುಡಿಸಿದ್ದೀನಲ್ಲ ಮೇಸ್ತ್ರಿ! ಅಕ್ಕಾ, ಮುಂದಿನ ಸೀಟಿಗೆ ಬನ್ನಿ. ಹಿಂದೆ ಮಕ್ಕಳು ಚೂಯಿಂಗ್ ಗಮ್ ಅಂಟಿಸಿದ್ದಾರೆ."

ಎಲ್ಲರೂ ಅವನ ಹಾಗೆ ಇರಲಿಲ್ಲ. ಬಾಡಿಗೆ ಕಾರುಗಳ ಒಬ್ಬ ಮಾಲೀಕ ಮಾರನೇ ವಾರವೇ ತನ್ನ ಮೂರು ಗಾಡಿಗಳನ್ನು ಬೇರೆ ಗ್ಯಾರೇಜಿಗೆ ಒಯ್ದ. ಹಳಬರು ಇಬ್ಬರು ಮೂವರು ಏನೂ ಹೇಳದೆ ಬರುವುದು ಬಿಟ್ಟರು. ಮೇಸ್ತ್ರಿ ಕೆಲವು ದಿನ ಮಂಕಾಗಿದ್ದರು ಎಂದು ಟೈರ್ ಅಂಗಡಿಯವನು ಹೇಳಿದ. ಅವರು ಬಾಯಿಬಿಟ್ಟಿದ್ದಕ್ಕೆ ಅಕ್ಕ ಎರಡು ದಿನ ಮಾತಾಡಲಿಲ್ಲವಂತೆ. ಮೂರನೇ ದಿನ ಚಾಲನಾ ತರಬೇತಿಗೆ ಹೆಸರು ಕೊಟ್ಟು ಬಂದರಂತೆ.

ಇದಾಗಿ ಒಂದೂವರೆ ವರ್ಷ. ಅಕ್ಕನಿಗೆ ಲೈಸೆನ್ಸ್ ಬಂದಿದೆ. ಓಡಿಸಿ ನೋಡುವಾಗ ಸ್ಟೀರಿಂಗ್ ಹಿಡಿಯುವವರು ಅವರೇ. ಕಡ್ಡಿ ಮೇಸ್ತ್ರಿ ಪಕ್ಕದಲ್ಲಿ ಕೂತು ಪ್ರಶ್ನೆ ಕೇಳುತ್ತಾರೆ, ಗಾಡಿಯವರು ಬರೆದು ತಂದದ್ದನ್ನು ಮೊದಲೇ ಓದಿಕೊಳ್ಳುತ್ತಾರೆ. ಬೆಳಿಗ್ಗೆ ಒಂಬತ್ತಕ್ಕೆ ಗ್ಯಾರೇಜು ತೆಗೆದು ಸಂಜೆ ಆರರವರೆಗೆ ಎಂಜಿನ್ ಕೆಲಸ ಮಾಡುತ್ತಾರೆ.